ಡೆಟ್ರಾಯ್ಟ್‌ನಲ್ಲಿ ನಿರುದ್ಯೋಗ ಇಳಿದಿದ್ದು ಹೇಗೆ?

ಮೊದಲು ಒಂದು ಸಣ್ಣ ಲೆಕ್ಕ. ಒಂದು ಬೀದಿಯಲ್ಲಿ ಕೆಲಸ ಇರುವವರು, ಕೆಲಸ ಹುಡುಕುತ್ತಿರುವವರು ಎಲ್ಲ ಸೇರಿ 100 ಜನ ಇದ್ದಾರೆ ಅಂದುಕೊಳ್ಳಿ. ಅದರಲ್ಲಿ 15 ಜನ ಖಾಲಿ ಕೂತಿದ್ದಾರೆ, ಕೆಲಸಕ್ಕಾಗಿ ಅಲೆಯುತ್ತಿದ್ದಾರೆ. ನಿರುದ್ಯೋಗ ಶೇ 15. ಮುಂದಿನ ವರ್ಷ ಆ ಹದಿನೈದರಲ್ಲಿ ಮೂವರು ಗಂಟುಮೂಟೆ ಕಟ್ಟಿಕೊಂಡು ಬೇರೆ ರಾಜ್ಯಕ್ಕೆ ಹೋದರು. ಇನ್ನು ಮೂವರು ಸಾಕಪ್ಪಾ ಸಾಕು ಅಂತ ಹುಡುಕೋದನ್ನೇ ಬಿಟ್ಟರು. ಈಗ ಲೆಕ್ಕದಲ್ಲಿ ಉಳಿದವರು 94, ಕೆಲಸ ಇಲ್ಲದವರು 9. ನಿರುದ್ಯೋಗ ಶೇ 9.6. ಒಬ್ಬರಿಗೂ ಹೊಸ ಕೆಲಸ ಸಿಕ್ಕಿಲ್ಲ, ಆದರೆ ದರ ಮೂರನೇ ಒಂದು ಭಾಗಕ್ಕೂ ಜಾಸ್ತಿ ಬಿದ್ದುಹೋಯಿತು. ಪತ್ರಿಕೆಯಲ್ಲಿ ಇದು ‘ಚೇತರಿಕೆ’ ಅಂತ ಬರುತ್ತದೆ.

ಈ ಲೆಕ್ಕ ಒಂದು ದೊಡ್ಡ ಮಹಾನಗರದ ಮೇಲೆ ನಿಜವಾಗಿಯೂ ಓಡಿದ ಪ್ರಕರಣ ಅಮೆರಿಕದ ಡೆಟ್ರಾಯ್ಟ್. ಪೂರ್ತಿ ಅದೇ ಆಯಿತು ಅಂತ ನಾನು ಹೇಳುತ್ತಿಲ್ಲ. ಕಾರು ಕಾರ್ಖಾನೆಗಳು ಮತ್ತೆ ಓಡಿದವು, ಕೆಲಸ ಬಂದವು, ಅದೂ ನಿಜ. ಆದರೆ 2009ರಲ್ಲಿ ಆಕಾಶ ಮುಟ್ಟಿದ ದರ ಆಮೇಲಿನ ವರ್ಷಗಳಲ್ಲಿ ಇಳಿದುಬಂದ ರೀತಿಯನ್ನು ಹತ್ತಿರದಿಂದ ನೋಡಿದರೆ, ಇಳಿದ ಅಂಕಿಯಲ್ಲಿ ಕೆಲಸ ಎಷ್ಟು, ಕಾಣೆಯಾದ ಜನ ಎಷ್ಟು ಅನ್ನೋದನ್ನು ಬಿಡಿಸದೆ ಮಾತಾಡೋಕೆ ಆಗಲ್ಲ.

ಊರಿನ ಗಾತ್ರ ಮೊದಲು ತಿಳಿದಿರಲಿ. ಡೆಟ್ರಾಯ್ಟ್ ಅಂದಾಗ ಎರಡು ಬೇರೆ ಬೇರೆ ವಸ್ತುಗಳ ಬಗ್ಗೆ ಮಾತಾಡುತ್ತಿರುತ್ತೇವೆ. ಒಂದು ನಗರ, ಅಂದರೆ ನಗರಪಾಲಿಕೆಯ ಗಡಿಯೊಳಗಿನದು. 1950ರಲ್ಲಿ ಅಲ್ಲಿ 18.5 ಲಕ್ಷ ಜನ ಇದ್ದರು. 2000ದಲ್ಲಿ 9.51 ಲಕ್ಷ, 2010ರಲ್ಲಿ 7.14 ಲಕ್ಷ, 2020ರಲ್ಲಿ 6.39 ಲಕ್ಷ. ಇನ್ನೊಂದು ಮಹಾನಗರ ಪ್ರದೇಶ: ವೇನ್, ಓಕ್‌ಲ್ಯಾಂಡ್, ಮಕೋಂಬ್, ಲಿವಿಂಗ್‌ಸ್ಟನ್, ಲಪಿಯರ್, ಸೇಂಟ್ ಕ್ಲೇರ್ ಅಂತ ಆರು ಕೌಂಟಿಗಳು (ನಮ್ಮ ಜಿಲ್ಲೆಗಳ ಹಾಗೆ), 2010ರಲ್ಲಿ ಸುಮಾರು 43 ಲಕ್ಷ ಜನ. ನಗರ ಖಾಲಿಯಾಗುತ್ತಾ ಬಂದರೂ ಸುತ್ತಲಿನ ಪ್ರದೇಶ ದಶಕಗಳ ಕಾಲ ಹೆಚ್ಚೂಕಡಿಮೆ ಅಷ್ಟೇ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಲ್ಲರೂ ಕತೆಯನ್ನು 2008ರಿಂದ ಶುರು ಮಾಡುತ್ತಾರೆ. ಅದು ತಪ್ಪು. ಡೆಟ್ರಾಯ್ಟ್ ಇರುವ ಮಿಶಿಗನ್ ರಾಜ್ಯ 2000ದಿಂದಲೇ ಕೆಲಸ ಕಳೆದುಕೊಳ್ಳುತ್ತಿತ್ತು. ಉಳಿದ ಅಮೆರಿಕ ಮನೆ ಕಟ್ಟಿ, ಸಾಲ ಮಾಡಿ, ಹಬ್ಬ ಮಾಡುತ್ತಿದ್ದ ವರ್ಷಗಳಲ್ಲೂ ಇಲ್ಲಿ ಒಂದೊಂದೇ ಕಾರ್ಖಾನೆ ಬಾಗಿಲು ಹಾಕುತ್ತಿತ್ತು. ಬಿಡಿಭಾಗ ಮಾಡುವ ದೈತ್ಯ ಡೆಲ್ಫೈ 2005ರಲ್ಲೇ ದಿವಾಳಿ ಅರ್ಜಿ ಹಾಕಿತ್ತು. 2000ದಿಂದ 2009ರವರೆಗೆ ರಾಜ್ಯದಲ್ಲಿ 8 ಲಕ್ಷಕ್ಕೂ ಜಾಸ್ತಿ ಕೆಲಸಗಳು ಹೋದವು. 2010ರ ಜನಗಣತಿಯಲ್ಲಿ, ಹಿಂದಿನ ಹತ್ತು ವರ್ಷದಲ್ಲಿ ಜನಸಂಖ್ಯೆ ಇಳಿದ ರಾಜ್ಯ ಇಡೀ ದೇಶದಲ್ಲಿ ಇದೊಂದೇ. ಅಂದರೆ 2008ರ ಹೊಡೆತ ಬಿದ್ದಿದ್ದು ಆಗಲೇ ಜ್ವರ ಬಂದು ಮಲಗಿದ್ದವನ ಮೇಲೆ.

ಆ ಹೊಡೆತವಾದರೂ ಎಂಥದ್ದು! 2008ರ ಜುಲೈನಲ್ಲಿ ಕಚ್ಚಾತೈಲ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತು. ಡೆಟ್ರಾಯ್ಟ್‌ನ ಮೂರು ದೊಡ್ಡ ಕಾರು ಕಂಪನಿಗಳಾದ ಜನರಲ್ ಮೋಟರ್ಸ್ (ಜಿಎಂ), ಫೋರ್ಡ್, ಕ್ರೈಸ್ಲರ್‌ಗಳ ಲಾಭ ಇದ್ದಿದ್ದೇ ದೊಡ್ಡ ದೊಡ್ಡ ಪಿಕಪ್, ಎಸ್‌ಯುವಿಗಳಲ್ಲಿ. ಅವು ಷೋರೂಮಿನಲ್ಲೇ ನಿಂತವು. ಎರಡೇ ತಿಂಗಳಲ್ಲಿ ಬ್ಯಾಂಕುಗಳು ಕುಸಿದು ಕಾರು ಸಾಲವೇ ನಿಂತುಹೋಯಿತು. 2007ರಲ್ಲಿ ದೇಶದಲ್ಲಿ ಸುಮಾರು 1.6 ಕೋಟಿ ವಾಹನ ಮಾರಾಟವಾಗಿದ್ದವು, 2009ರಲ್ಲಿ 1.04 ಕೋಟಿ. ಮೂರೂ ಕಂಪನಿಗಳ ಮುಖ್ಯಸ್ಥರು ನೆರವು ಕೇಳೋಕೆ ವಾಷಿಂಗ್ಟನ್‌ಗೆ ಹೋದರು, ಅದೂ ಒಬ್ಬೊಬ್ಬರು ಒಂದೊಂದು ಖಾಸಗಿ ಜೆಟ್‌ನಲ್ಲಿ. ಭಿಕ್ಷಾಪಾತ್ರೆ ಹಿಡಿದು ಪಲ್ಲಕ್ಕಿಯಲ್ಲಿ ಹೋದ ಹಾಗೆ. ಕೊನೆಗೆ ಕ್ರೈಸ್ಲರ್ 2009ರ ಏಪ್ರಿಲ್ 30ಕ್ಕೆ, ಜಿಎಂ ಜೂನ್ 1ಕ್ಕೆ ದಿವಾಳಿ ರಕ್ಷಣೆಗೆ ಹೋದವು. ಸರ್ಕಾರ ಕಾರು ಉದ್ಯಮಕ್ಕೆ ಒಟ್ಟು ಸುಮಾರು 8,000 ಕೋಟಿ ಡಾಲರ್ ಸುರಿಯಿತು.

ಅಂಕಿಗಳು ಹೀಗಿದ್ದವು. ದೇಶದ ನಿರುದ್ಯೋಗ 2009ರ ಅಕ್ಟೋಬರ್‌ನಲ್ಲಿ ಶೇ 10 ಮುಟ್ಟಿತು. ಮಿಶಿಗನ್‌ನಲ್ಲಿ ಶೇ 14ರ ಆಸುಪಾಸು. ಡೆಟ್ರಾಯ್ಟ್ ಮಹಾನಗರ ಪ್ರದೇಶದಲ್ಲಿ ಶೇ 15 ದಾಟಿತ್ತು. ನಗರದ ಒಳಗೆ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಒಂದೇ ರಸ್ತೆಯ ಈ ಕಡೆ, ಆ ಕಡೆ. ಏಯ್ಟ್ ಮೈಲ್ ರೋಡ್ ಅಂತ ನಗರದ ಉತ್ತರ ಗಡಿ. ಅದನ್ನು ದಾಟಿದರೆ ಲೆಕ್ಕವೇ ಬೇರೆ.

ಇಲ್ಲಿ ಸ್ವಲ್ಪ ನಿಲ್ಲೋಣ. ‘ಕೆಲಸ ಇಲ್ಲ’ ಅಂದರೆ ಲೆಕ್ಕ ಹಾಕುವವರ ಪ್ರಕಾರ ಏನು? ಇದು ಗೊತ್ತಿಲ್ಲದೆ ಈ ಪ್ರಕರಣ ಅರ್ಥ ಆಗಲ್ಲ.

ಅಮೆರಿಕದಲ್ಲಿ ಪ್ರತಿ ತಿಂಗಳು ಸುಮಾರು 60,000 ಮನೆಗಳನ್ನು ಸಮೀಕ್ಷೆಗೆ ಆರಿಸಿ ಕೇಳುತ್ತಾರೆ. ಸಾಮಾನ್ಯವಾಗಿ 12ನೇ ತಾರೀಕು ಬರುವ ವಾರ ಏನು ಮಾಡಿದಿರಿ ಅಂತ. ಆ ವಾರದಲ್ಲಿ ಕೂಲಿಗೆ ಒಂದೇ ಒಂದು ಗಂಟೆ ದುಡಿದಿದ್ದರೂ ನೀವು ಉದ್ಯೋಗಿ. ದುಡಿದಿಲ್ಲ, ಆದರೆ ಹಿಂದಿನ ನಾಲ್ಕು ವಾರದಲ್ಲಿ ನಿಜವಾಗಿ ಕೆಲಸ ಹುಡುಕಿದ್ದೀರಿ, ಸಿಕ್ಕರೆ ಸೇರೋಕೆ ಸಿದ್ಧ ಅಂದರೆ ನಿರುದ್ಯೋಗಿ. ಹುಡುಕೋದು ಅಂದರೆ ಅರ್ಜಿ ಹಾಕಬೇಕು, ಯಾರನ್ನಾದರೂ ಕಾಣಬೇಕು. ಸುಮ್ನೆ ಜಾಹೀರಾತು ಓದಿಕೊಂಡು ಕೂತರೆ ಅದು ಹುಡುಕಾಟ ಅಲ್ಲ. ಎರಡೂ ಅಲ್ಲದಿದ್ದರೆ ನೀವು ಲೆಕ್ಕದಿಂದಲೇ ಹೊರಗೆ, ಭಾಗಾಕಾರದಲ್ಲಿ ಮೇಲೂ ಇಲ್ಲ ಕೆಳಗೂ ಇಲ್ಲ. (ಲೇಆಫ್ ಆಗಿ, ಮತ್ತೆ ಕರೆಯುತ್ತೇವೆ ಅಂತ ಕಂಪನಿ ಹೇಳಿದವರಿಗೆ ಮಾತ್ರ ರಿಯಾಯಿತಿ. ಹುಡುಕದಿದ್ದರೂ ಅವರು ನಿರುದ್ಯೋಗಿಗಳೇ.) ಇನ್ನು ನಗರದ ಅಂಕಿಯಂತೂ ಮನೆಮನೆ ಕೇಳಿ ಬಂದದ್ದೇ ಅಲ್ಲ. ದೊಡ್ಡ ಪ್ರದೇಶದ ಅಂದಾಜನ್ನು ಸೂತ್ರ ಹಾಕಿ ಹಂಚಿ ತೆಗೆದದ್ದು.

ಈಗ ಒಬ್ಬ ಕಾರ್ಮಿಕನನ್ನು ಕಲ್ಪಿಸಿಕೊಳ್ಳಿ. ಕಲ್ಪನೆಯೇ, ಯಾರದೂ ನಿಜವಾದ ಕತೆ ಅಲ್ಲ. ಆದರೆ ಇವನ ಸುತ್ತಲಿನ ನಿಯಮ, ಮೊತ್ತ, ತಾರೀಕು ಎಲ್ಲ ನಿಜ. ನಗರದಲ್ಲಿ ಮನೆ, ಉತ್ತರಕ್ಕೆ ವಾರೆನ್ ಕಡೆ ಕಾರಿನ ಸೀಟು ಜೋಡಿಸುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. 2009ರ ಶುರುವಿನಲ್ಲಿ ಲೇಆಫ್. ದೊಡ್ಡ ಮೂರು ಕಂಪನಿಗಳಲ್ಲಿ ಇದ್ದವರಿಗೆ ‘ಜಾಬ್ಸ್ ಬ್ಯಾಂಕ್’ ಅಂತ ಒಂದಿತ್ತು. ಕೆಲಸ ಇಲ್ಲದಿದ್ದರೂ ಹೆಚ್ಚುಕಡಿಮೆ ಪೂರ್ತಿ ಸಂಬಳ ಕೊಡುತ್ತಿದ್ದ ಏರ್ಪಾಟು ಅದು. ಕಾರು ಕಾರ್ಮಿಕರ ಯುಎಡಬ್ಲ್ಯು ಯೂನಿಯನ್ ಕಾದಾಡಿ ಪಡೆದದ್ದು. ಅದೂ ಆ ಹೊತ್ತಿಗೇ ನಿಂತಿತು. ನಮ್ಮ ಸೀಟು ಜೋಡಿಸುವವನಿಗೆ ಅದು ಮೊದಲೂ ಇರಲಿಲ್ಲ.

ಅವನಿಗೆ ಸಿಕ್ಕಿದ್ದು ರಾಜ್ಯದ ನಿರುದ್ಯೋಗ ಭತ್ಯೆ. ವಾರಕ್ಕೆ ಗರಿಷ್ಠ 362 ಡಾಲರ್. ಈ ಮಿತಿ 2002ರಿಂದ ಹಾಗೇ ಇತ್ತು. ಅದನ್ನು ಪಡೆಯೋಕೆ ಎರಡು ವಾರಕ್ಕೊಮ್ಮೆ ‘ಮಾರ್ವಿನ್’ಗೆ ಫೋನ್ ಮಾಡಬೇಕು. ಮಾರ್ವಿನ್ ಅಂದರೆ ಮನುಷ್ಯ ಅಲ್ಲ, ರಾಜ್ಯದ ದೂರವಾಣಿ ಯಂತ್ರದ ಹೆಸರು. ಯಂತ್ರ ಪ್ರಶ್ನೆ ಕೇಳುತ್ತದೆ, ನೀವು ಗುಂಡಿ ಒತ್ತಿ ಉತ್ತರ ಕೊಡಬೇಕು. ಕೆಲಸ ಮಾಡಿದಿರಾ, ಸಿಕ್ಕರೆ ಮಾಡೋಕೆ ಸಿದ್ಧ ಇದ್ದೀರಾ. ಮಾಮೂಲು ಅವಧಿ 26 ವಾರ. ಆಗಿನ ಬಿಕ್ಕಟ್ಟಿಗೆ ಒಕ್ಕೂಟ ಸರ್ಕಾರ ಮೇಲಿಂದ ಮೇಲೆ ವಿಸ್ತರಣೆ ಕೊಟ್ಟು, ಮಿಶಿಗನ್‌ನಂಥ ರಾಜ್ಯಗಳಲ್ಲಿ ಒಟ್ಟು 99 ವಾರದವರೆಗೆ ಹೋಯಿತು. ಆಮೇಲೆ 2011ರಲ್ಲಿ ರಾಜ್ಯ ಕಾನೂನು ಬದಲಾಯಿಸಿ, 2012ರ ಜನವರಿಯಿಂದ ಹೊಸದಾಗಿ ಅರ್ಜಿ ಹಾಕುವವರಿಗೆ ತನ್ನ 26 ವಾರವನ್ನು 20ಕ್ಕೆ ಇಳಿಸಿತು. ಒಕ್ಕೂಟದ ತುರ್ತು ವಿಸ್ತರಣೆ 2013ರ ಡಿಸೆಂಬರ್ ಕೊನೆಗೆ ಮುಗಿಯಿತು.

ಇದು ಬರೀ ದುಡ್ಡಿನ ವಿಷಯ ಅಲ್ಲ ನೋಡಿ. ಭತ್ಯೆ ಬೇಕು ಅಂದರೆ ಕೆಲಸ ಹುಡುಕುತ್ತಿರಬೇಕು. ಹುಡುಕುತ್ತಿದ್ದರೆ ಸಮೀಕ್ಷೆಯವರು ಕೇಳಿದಾಗ ನಿರುದ್ಯೋಗಿ ಅಂತ ಬರುತ್ತಾನೆ. ಭತ್ಯೆ ನಿಂತ ಮೇಲೆ, ಐವತ್ತು ಕಡೆ ಅರ್ಜಿ ಹಾಕಿ ಒಂದೂ ಉತ್ತರ ಬರದ ಮೇಲೆ, ಇನ್ನೂ ಹುಡುಕು ಅಂತ ತಳ್ಳುವ ಕೈ ಯಾವುದೂ ಉಳಿಯಲ್ಲ. ಅವನು ಪಕ್ಕದ ಮನೆಯವರ ಹುಲ್ಲು ಕತ್ತರಿಸುತ್ತಾನೆ, ಯಾರದ್ದೋ ಗ್ಯಾರೇಜಿನಲ್ಲಿ ಕೈಯಾಡಿಸುತ್ತಾನೆ. ಹುಲ್ಲು ಕತ್ತರಿಸಿದ ವಾರ ಅವನು ಉದ್ಯೋಗಿ, ಕತ್ತರಿಸದೆ ಕೂತ ವಾರ ಲೆಕ್ಕಕ್ಕೇ ಇಲ್ಲ. ಎರಡೂ ವಾರ ದರದ ಮಟ್ಟಿಗೆ ಶುಭ ಸುದ್ದಿ!

ಇಂಥವರನ್ನೂ ಅರೆಕಾಲಿಕ ಕೆಲಸಕ್ಕೆ ಸಿಕ್ಕಿಬಿದ್ದವರನ್ನೂ ಸೇರಿಸುವ ಇನ್ನೊಂದು ಅಳತೆ ಇದೆ, ಯು-6 ಅಂತ. ಮಿಶಿಗನ್‌ನಲ್ಲಿ ಅದು 2009ರಲ್ಲಿ ಶೇ 20 ದಾಟಿತ್ತು. ಅಧಿಕೃತ ದರದ ಜೊತೆಗೆ ಅದನ್ನೂ ಅದೇ ಗಾತ್ರದ ಅಕ್ಷರದಲ್ಲಿ ಹಾಕಿದ್ದರೆ ಎಷ್ಟೋ ವಾದಗಳು ಹುಟ್ಟುತ್ತಲೇ ಇರಲಿಲ್ಲ.

ಹೊರಟುಹೋದವರ ಕತೆ ಬೇರೆ. ಕಾಲೇಜು ಮುಗಿಸಿದ ಎಳೆಯರು, ಎಂಜಿನಿಯರುಗಳು, ಬಾಡಿಗೆ ಮನೆಯಲ್ಲಿ ಇದ್ದವರು ಹೋದರು. ಸ್ವಂತ ಮನೆ ಇದ್ದವರಿಗೆ ಹೋಗೋದೂ ಕಷ್ಟ. 2008ರ ಕೊನೆಯಲ್ಲಿ ನಗರದಲ್ಲಿ ಮಾರಾಟವಾದ ಮನೆಗಳ ಬೆಲೆಯನ್ನು ಸಾಲಾಗಿ ಜೋಡಿಸಿದರೆ ಮಧ್ಯಕ್ಕೆ ಬರುತ್ತಿದ್ದ ಬೆಲೆ 7,500 ಡಾಲರ್. ಒಂದು ಹಳೇ ಕಾರಿನ ಬೆಲೆ. ಆ ಮನೆ ಮಾರಿ ಯಾವ ಊರಿಗೆ ಹೋಗ್ತೀರಿ? ಬೇರೆ ಕಡೆ ಕೆಲಸ ಇದೆ ಅಂತ ಗೊತ್ತಿದ್ದೂ ಮನೆ ಕಾಲಿಗೆ ಕಟ್ಟಿದ ಕಲ್ಲಾಯಿತು.

ಈಗ ಮೊದಲಿನ ಲೆಕ್ಕಕ್ಕೆ ಬರೋಣ. ಮಿಶಿಗನ್‌ನ ಕಾರ್ಮಿಕ ಬಲ, ಅಂದರೆ ಕೆಲಸ ಇರುವವರು ಮತ್ತು ಹುಡುಕುವವರು, 2006ರ ಸುಮಾರಿಗೆ 50 ಲಕ್ಷ ದಾಟಿತ್ತು. 2012ರ ಹೊತ್ತಿಗೆ 47 ಲಕ್ಷಕ್ಕಿಂತ ಕೆಳಗೆ ಬಂತು. ಅದೇ 2012ರಲ್ಲಿ ರಾಜ್ಯದ ನಿರುದ್ಯೋಗ ಶೇ 9ರ ಆಸುಪಾಸಿಗೆ ಇಳಿದಿತ್ತು. ಶೇ 14ರಿಂದ ಶೇ 9. ಮೂರು ವರ್ಷದಲ್ಲಿ ಇದು ಯಾರು ಕೇಳಿದರೂ ಬೆನ್ನು ತಟ್ಟುವ ಅಂಕಿ. ಆದರೆ ಮೂರು ಲಕ್ಷಕ್ಕೂ ಜಾಸ್ತಿ ಜನ ಭಾಗಾಕಾರದ ಕೆಳಗಿನ ಸಾಲಿನಿಂದ ಜಾರಿಹೋಗಿದ್ದರು. ಅದರಲ್ಲಿ ನಿವೃತ್ತರಾದವರೂ ಇದ್ದಾರೆ, ವಯಸ್ಸಾಗುವುದು ಯಾರ ತಪ್ಪೂ ಅಲ್ಲ. ಕಾರು ಕಂಪನಿಗಳು ದುಡ್ಡು ಕೊಟ್ಟು ಬೇಗ ಮನೆಗೆ ಕಳಿಸಿದವರೂ ಇದ್ದಾರೆ. ಅದನ್ನೆಲ್ಲ ಕಳೆದರೂ ಬೆನ್ನು ತಟ್ಟೋಕೆ ಎತ್ತಿದ ಕೈ ಸ್ವಲ್ಪ ತಡವರಿಸಬೇಕಲ್ವಾ?

ಬಂದ ಕೆಲಸವಾದರೂ ಮೊದಲಿನದ್ದೇ ಆಗಿತ್ತಾ? ಇಲ್ಲ. 2007ರ ಒಪ್ಪಂದದಲ್ಲೇ ಯೂನಿಯನ್ ಎರಡು ದರ್ಜೆಯ ಕೂಲಿಗೆ ಒಪ್ಪಿಕೊಂಡಿತ್ತು. ಹಳಬರಿಗೆ ಗಂಟೆಗೆ 28 ಡಾಲರ್, ಹೊಸಬರಿಗೆ ಸುಮಾರು 14. ಒಂದೇ ಲೈನು, ಒಂದೇ ಬೋಲ್ಟು, ಅಕ್ಕಪಕ್ಕ ನಿಂತ ಇಬ್ಬರು, ಒಬ್ಬನ ಕೂಲಿ ಇನ್ನೊಬ್ಬನ ಅರ್ಧ. ದಿವಾಳಿ ಆದಮೇಲೆ ಕಂಪನಿಗಳು ಜನ ತೆಗೆದುಕೊಂಡಾಗ ಹೆಚ್ಚಿನವರು ಈ ಎರಡನೇ ಸಾಲಿಗೇ ಬಂದರು. ನಿರುದ್ಯೋಗದ ದರಕ್ಕೆ ಇದು ಕಾಣಲ್ಲ. ಅದರ ಕಣ್ಣಿಗೆ 28 ಡಾಲರಿನ ಕೆಲಸವೂ ಒಂದು, 14 ಡಾಲರಿನ ಕೆಲಸವೂ ಒಂದು. ಈ ಗೋಡೆ ಹೆಚ್ಚುಕಡಿಮೆ ಬಿದ್ದಿದ್ದು 2023ರ ಆರು ವಾರದ ಮುಷ್ಕರದ ಮೇಲೆ. ಹದಿನಾರು ವರ್ಷ ಬೇಕಾಯಿತು.

ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅಂಕಿ ಅಲ್ಲ, ಒಂದು ಕಂಪ್ಯೂಟರ್. 2013ರ ಜುಲೈ 18ಕ್ಕೆ ಡೆಟ್ರಾಯ್ಟ್ ನಗರವೇ ದಿವಾಳಿ ಅರ್ಜಿ ಹಾಕಿತು, ಸುಮಾರು 1,800 ಕೋಟಿ ಡಾಲರ್ ಸಾಲ ಅಂತ ಅಂದಾಜು. ಜಗತ್ತೆಲ್ಲ ಅದನ್ನೇ ನೋಡುತ್ತಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ರಾಜ್ಯದ ನಿರುದ್ಯೋಗ ಭತ್ಯೆ ಇಲಾಖೆ ‘ಮೈಡಾಸ್’ ಅನ್ನುವ ಹೊಸ ಯಂತ್ರ ವ್ಯವಸ್ಥೆ ತಂದಿತು. ಭತ್ಯೆಯಲ್ಲಿ ಮೋಸ ಮಾಡುವವರನ್ನು ಅದೇ ಹುಡುಕುತ್ತದೆ, ಅದೇ ತೀರ್ಪು ಕೊಡುತ್ತದೆ, ಅದೇ ವಸೂಲಿ ಶುರು ಮಾಡುತ್ತದೆ. ನಡುವೆ ಮನುಷ್ಯ ಇಲ್ಲ.

ಅದು ಕೆಲಸ ಮಾಡಿದ ರೀತಿ ನೋಡಿ. ನಮ್ಮ ಸೀಟು ಜೋಡಿಸುವವನ ಅಣ್ಣನೊಬ್ಬ ಇದ್ದಾನೆ ಅಂದುಕೊಳ್ಳಿ. ಮೂರು ತಿಂಗಳ ಅವಧಿಯಲ್ಲಿ ಮೊದಲ ಆರು ವಾರ ದುಡಿದ, ಆಮೇಲೆ ಲೇಆಫ್ ಆಗಿ ಉಳಿದ ವಾರಗಳಿಗೆ ಭತ್ಯೆ ತೆಗೆದುಕೊಂಡ. ಪೂರ್ತಿ ಕಾನೂನುಬದ್ಧ. ಆದರೆ ಯಂತ್ರ ಆ ಆರು ವಾರದ ಸಂಬಳವನ್ನು ಮೂರು ತಿಂಗಳಿಗೂ ಸಮನಾಗಿ ಹರಡಿಬಿಟ್ಟಿತು. ಅದರ ಪ್ರಕಾರ ಅವನು ಪ್ರತಿ ವಾರವೂ ಸಂಬಳ ತೆಗೆದುಕೊಳ್ಳುತ್ತಲೇ ಭತ್ಯೆಯನ್ನೂ ಹೊಡೆದಿದ್ದಾನೆ. ಹಾಗಾಗಿ ಒಂದು ಪ್ರಶ್ನಾವಳಿ ಕಳಿಸಿತು. ಎಲ್ಲಿಗೆ? ಎಷ್ಟೋ ಸಲ ಜನ ತೆರೆದು ನೋಡುವುದನ್ನೇ ಬಿಟ್ಟಿದ್ದ ಆನ್‌ಲೈನ್ ಖಾತೆಗೆ ಅಥವಾ ಬಿಟ್ಟುಬಂದ ಹಳೇ ವಿಳಾಸಕ್ಕೆ. ಹತ್ತು ದಿನದಲ್ಲಿ ಉತ್ತರ ಬರದಿದ್ದರೆ ಮೋಸಗಾರ ಅಂತ ತಾನೇ ತೀರ್ಮಾನ. ಪಡೆದ ಭತ್ಯೆ ವಾಪಸ್ ಕೊಡಬೇಕು, ಅದರ ಮೇಲೆ ನಾಲ್ಕು ಪಟ್ಟು ದಂಡ, ಮತ್ತೆ ಬಡ್ಡಿ. ಸಂಬಳದಿಂದ ಕಡಿತ, ತೆರಿಗೆ ಮರುಪಾವತಿಯ ಜಪ್ತಿ. ಎಷ್ಟೋ ಜನಕ್ಕೆ ವಿಷಯ ಗೊತ್ತಾಗಿದ್ದೇ ಬರಬೇಕಾದ ದುಡ್ಡು ಬರದೆ ಹೋದಾಗ.

2015ರವರೆಗೆ ಸುಮಾರು 40,000 ಜನರ ಮೇಲೆ ಹೀಗೆ ಸುಳ್ಳು ಆರೋಪ ಬಿತ್ತು. ಮನುಷ್ಯರ ಕೈ ಸೋಕದೆ ಯಂತ್ರವೇ ತೀರ್ಮಾನಿಸಿದ 22,427 ಪ್ರಕರಣಗಳನ್ನು ಆಮೇಲೆ ಕೂತು ಪರಿಶೀಲಿಸಿದಾಗ ಶೇ 93 ತಪ್ಪು. ನೂರಕ್ಕೆ ತೊಂಬತ್ತಮೂರು! ನಾಣ್ಯ ಚಿಮ್ಮಿದ್ದರೂ ಅರ್ಧ ಸರಿ ಇರುತ್ತಿತ್ತು. ಕೋರ್ಟು ಕಚೇರಿ ಅಲೆದು, 2022ರಲ್ಲಿ ರಾಜ್ಯ 2 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಮುಟ್ಟಿದ್ದೆಲ್ಲ ಚಿನ್ನವಾಗುವ ರಾಜನ ಹೆಸರನ್ನೇ ಆ ಯಂತ್ರಕ್ಕೆ ಇಟ್ಟವರು ಅವನ ಕತೆಯನ್ನು ಕೊನೆತನಕ ಓದಿರಲಿಲ್ಲ ಅಂತ ಕಾಣುತ್ತದೆ.

ಇದಕ್ಕೂ ನಿರುದ್ಯೋಗದ ದರಕ್ಕೂ ಏನು ಸಂಬಂಧ ಅಂತ ಕೇಳಬಹುದು. ಇದು ನನ್ನ ಊಹೆ, ಊಹೆ ಅಂತಲೇ ಓದಿ. ಭತ್ಯೆ ಕೇಳಿದರೆ ಮೋಸಗಾರ ಅನ್ನಿಸಿಕೊಳ್ಳುವ ಭಯ ಇದ್ದ ಕಡೆ, ಮುಂದಿನ ಸಲ ಲೇಆಫ್ ಆದವನು ಭತ್ಯೆ ಕೇಳೋಕೇ ಹೋಗಲ್ಲ. ಭತ್ಯೆ ಇಲ್ಲದವನನ್ನು ಹುಡುಕಾಟಕ್ಕೆ ಕಟ್ಟಿಹಾಕುವ ಹಗ್ಗವೂ ಇಲ್ಲ. ಅವನು ಬೇಗ ಲೆಕ್ಕದಿಂದ ಜಾರುತ್ತಾನೆ.

ಇನ್ನು ಏಯ್ಟ್ ಮೈಲ್ ರಸ್ತೆಯ ವಿಷಯ. ಈ ಮಹಾನಗರದಲ್ಲಿ ಮುಕ್ಕಾಲು ಭಾಗಕ್ಕೂ ಜಾಸ್ತಿ ಕೆಲಸಗಳು ನಗರದ ನಡುಭಾಗದಿಂದ ಹತ್ತು ಮೈಲಿಗಿಂತ ಆಚೆ ಇದ್ದವು. ನಗರದಲ್ಲಿ ಓಡುವುದು ನಗರದ ಬಸ್ಸು, ಹೊರಗಡೆ ಓಡುವುದು ಸ್ಮಾರ್ಟ್ ಅನ್ನುವ ಬೇರೆ ಸಂಸ್ಥೆಯ ಬಸ್ಸು. ಬಸ್ಸು ಬೇಡ ಅನ್ನುವ ಉಪನಗರ ಸ್ಮಾರ್ಟ್‌ನಿಂದ ಹೊರಗೆ ಉಳಿಯಬಹುದಿತ್ತು, ಎಷ್ಟೋ ಉಪನಗರಗಳು ಉಳಿದಿದ್ದವು ಕೂಡ. ಹಾಗಾಗಿ ಬಸ್ಸು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಇಡೀ ಪ್ರದೇಶಕ್ಕೆ ಒಂದೇ ಸಾರಿಗೆ ಜಾಲ ಮಾಡೋಣ ಅಂತ 2016ರ ನವೆಂಬರ್‌ನಲ್ಲಿ ತೆರಿಗೆ ಪ್ರಸ್ತಾವ ಮತಕ್ಕೆ ಹಾಕಿದರು. ಸ್ವಲ್ಪದರಲ್ಲೇ ಸೋತಿತು. ಸರಿ, ಕಾರಿನಲ್ಲಿ ಹೋಗು ಅಂದರೆ ಡೆಟ್ರಾಯ್ಟ್‌ನ ಕಾರು ವಿಮೆ ದೇಶದಲ್ಲೇ ದುಬಾರಿಯಾಗಿತ್ತು. ಅಪಘಾತದ ವೈದ್ಯಕೀಯ ಖರ್ಚಿಗೆ ಮಿತಿಯೇ ಇಲ್ಲದ ರಕ್ಷಣೆ ಮಿಶಿಗನ್‌ನಲ್ಲಿ ಕಡ್ಡಾಯವಾಗಿತ್ತು. 2019ರಲ್ಲಿ ಕಾನೂನು ಬದಲಾಯಿಸಿ ಅದನ್ನು ಸಡಿಲಿಸಿದರು. ಕಾರಿಗೇ ಹೆಸರಾದ ಊರಿನಲ್ಲಿ ಕಾರಿಲ್ಲದೆ ಕೆಲಸಕ್ಕೆ ಹೋಗೋಕಾಗಲ್ಲ, ಕೆಲಸ ಇಲ್ಲದೆ ಕಾರು ಇಟ್ಟುಕೊಳ್ಳೋಕಾಗಲ್ಲ.

2010ರಲ್ಲಿ ನಗರದ ಜನರಲ್ಲಿ ಶೇ 83ರಷ್ಟು ಕಪ್ಪುಜನರು. ರಸ್ತೆಯ ಆಚೆಗೆ ಬಿಳಿಯರೇ ಜಾಸ್ತಿ. ಬಸ್ಸು ಎಲ್ಲಿ ನಿಲ್ಲುತ್ತದೆ ಅನ್ನೋದು ಇಲ್ಲಿ ಬರೀ ಸಾರಿಗೆಯ ಪ್ರಶ್ನೆ ಆಗಿರಲೇ ಇಲ್ಲ.

ಕೋವಿಡ್ ಬಗ್ಗೆ ಜಾಸ್ತಿ ಹೇಳಲ್ಲ. 2020ರ ಮಾರ್ಚ್‌ನಲ್ಲಿ ಕಾರ್ಖಾನೆಗಳು ಮುಚ್ಚಿದವು, ಏಪ್ರಿಲ್‌ನಲ್ಲಿ ಮಿಶಿಗನ್ ದರ ಶೇ 20 ದಾಟಿತು, ಮೇ ನಡುವಿನಿಂದ ಮತ್ತೆ ತೆರೆದವು, ದರ ಬೇಗ ಇಳಿಯಿತು. ಲೈನು ನಿಂತಿತ್ತು, ಮುರಿದಿರಲಿಲ್ಲ. 2009ರದ್ದು ಮುರಿದ ಲೈನು.

2023ರ ವಸಂತದಲ್ಲಿ ನಗರದ ನಿರುದ್ಯೋಗ ಶೇ 4 ಚಿಲ್ಲರೆಗೆ ಬಂತು. 1990ರಿಂದ ಲೆಕ್ಕ ಇಡಲು ಶುರು ಮಾಡಿದಮೇಲೆ ಅಷ್ಟು ಕಡಿಮೆ ಯಾವತ್ತೂ ಇರಲಿಲ್ಲ. ನಗರದವರು ಹೆಮ್ಮೆಯಿಂದ ಹೇಳಿಕೊಂಡರು. ಹೇಳಿಕೊಳ್ಳಲಿ, ಅದರಲ್ಲಿ ನಿಜವಾದ ಕೆಲಸಗಳಿದ್ದವು. ಮ್ಯಾಕ್ ಅವೆನ್ಯೂದಲ್ಲಿ ಜೀಪ್ ಮಾಡುವ ಹೊಸ ಕಾರ್ಖಾನೆ ಬಂದಿತ್ತು. ಹೆಚ್ಚೂಕಡಿಮೆ ಮೂವತ್ತು ವರ್ಷದಲ್ಲಿ ನಗರದೊಳಗೆ ಬಂದ ಮೊದಲ ಹೊಸ ಜೋಡಣಾ ಕಾರ್ಖಾನೆ. 2019ರಲ್ಲಿ ಘೋಷಣೆಯಾದಾಗ ಅರ್ಜಿ ಹಾಕೋಕೆ ಮೊದಲ ಅವಕಾಶ ಡೆಟ್ರಾಯ್ಟ್ ನಗರದವರಿಗೇ ಅಂತ ಒಪ್ಪಂದ ಆಗಿತ್ತು. ಏಯ್ಟ್ ಮೈಲ್ ದಾಟಬೇಕಿಲ್ಲ, ಬಸ್ಸಿನ ತಾಪತ್ರಯ ಇಲ್ಲ. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಸರಿ ಅನ್ನಿಸಿದ ಒಂದೇ ಹೆಜ್ಜೆ ಇದು. ಆದರೂ ಅದೇ 2023ರಲ್ಲಿ ನಗರದ ವಯಸ್ಕರಲ್ಲಿ ಕಾರ್ಮಿಕ ಬಲದೊಳಗೆ ಇದ್ದವರು ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ. ದೇಶದಲ್ಲಿ ಅದು ಶೇ 62ರ ಮೇಲೆ. ಶೇ 4 ಅನ್ನೋದು ಆ ಅರ್ಧದ ಲೆಕ್ಕ.

ಅದೇ ವರ್ಷ ಡಿಸೆಂಬರ್‌ನಲ್ಲಿ ಕಂಪನಿ ಆ ಕಾರ್ಖಾನೆಯಲ್ಲಿ ಒಂದು ಪಾಳಿ ಕಡಿತ ಮಾಡುವುದಾಗಿ ಹೇಳಿತು. ಕಾರು ಕಾರ್ಖಾನೆಯಲ್ಲಿ ಕಡಿತ ಬಂದರೆ ಸೀನಿಯಾರಿಟಿ ಪಟ್ಟಿ ತೆಗೆಯುತ್ತಾರೆ. ಕೊನೆಗೆ ಸೇರಿದವರು ಮೊದಲು ಮನೆಗೆ. ಪಟ್ಟಿಯ ಕೆಳಗೆ ಇದ್ದವರಲ್ಲಿ, ಹಿಂದಿನ ಎರಡು ವರ್ಷದಲ್ಲಿ ಪಕ್ಕದ ಬೀದಿಗಳಿಂದ ನಡೆದುಕೊಂಡೇ ಬಂದು ಸೇರಿದ್ದವರೂ ಇದ್ದಿರಬಹುದು.